ಹೆಡ್‌ಫೋನ್ ಒಂದು ಕಡೆ ಪ್ಲಸ್ ಮೈನಸ್ ಉಲ್ಟಾ ಆದ್ರೆ ಕಿವಿಗೆ ಗೊತ್ತಾಗುತ್ತಾ?

ಕ್ಯಾತ್ಸಂದ್ರ_ಲೋಕಲ್:

ಎಲ್ರಿಗೂ ನಮಸ್ಕಾರ. ತುಮಕೂರಿಂದ ಯಶವಂತಪುರಕ್ಕೆ ದಿನಾ ಟ್ರೈನಲ್ಲಿ ಓಡಾಡೋನು ನಾನು, ಹೋಗ್ತಾ ಬರ್ತಾ ಕಿವಿಗೆ ಏನಾದ್ರೂ ಹಾಕೊಂಡಿಲ್ಲ ಅಂದ್ರೆ ದಾರಿ ಸಾಗಲ್ಲ. ಇರೋದು ವೈರ್ ಹೆಡ್‌ಫೋನು, ದೊಡ್ಡದು, ಎರಡೂ ಕಪ್‌ಗೆ ಬೇರೆ ಬೇರೆ ವೈರ್ ಬಂದು ಎದೆ ಹತ್ರ ಸೇರ್ಕೊಂಡು ಒಂದಾಗುತ್ತಲ್ಲ ಆ ಥರದ್ದು. ಪಿನ್ ಹತ್ರ ವೈರ್ ಕಟ್ಟಾಗಿ ಬಲಗಡೆ ಸೌಂಡೇ ಬರ್ತಿರ್ಲಿಲ್ಲ, ಬಿ.ಎಚ್. ರೋಡ್ ಕಡೆ ಒಂದು ರಿಪೇರಿ ಅಂಗ್ಡೀಲಿ ಕೊಟ್ಟೆ, ಹೊಸ ಪಿನ್ ಹಾಕಿ ಕೊಟ್ರು. ಈಗ ಎರಡೂ ಕಡೆ ಬರುತ್ತೆ, ಜೋರಾಗೇ ಬರುತ್ತೆ, ಅದ್ರಲ್ಲಿ ಏನೂ ಕಂಪ್ಲೇಂಟ್ ಇಲ್ಲ.

ಆದ್ರೆ ಏನೋ ಸರಿ ಇಲ್ಲ. ಮುಂಚೆ ಹಾಡೋರ ಧ್ವನಿ ತಲೆ ನಡುಮಧ್ಯ ಕೂತಿರೋದು, ಈಗ ಅದು ಎಲ್ಲಿದೆ ಅಂತಾನೇ ಗೊತ್ತಾಗಲ್ಲ, ಎರಡೂ ಕಿವಿ ಆಚೆಗೆ ಹರಡ್ಕೊಂಡು ಹಿಂದ್ಗಡೆ ಎಲ್ಲೋ ಇದೆ ಅನ್ಸುತ್ತೆ, ಬೇಸ್ ಬರ್ತಿದೆ ಆದ್ರೆ ಮೈ ಇಲ್ಲ ಅದಕ್ಕೆ, ಸ್ವಲ್ಪ ಹೊತ್ತು ಕೇಳಿದ್ರೆ ನಂದಿ ಬೆಟ್ಟ ಹತ್ತುವಾಗ ಕಿವಿ ಕಟ್ಕೊಳ್ಳುತ್ತಲ್ಲ ಹಂಗೆ ಆಗುತ್ತೆ. ಹೈಹ್ಯಾಟ್, ಗೆಜ್ಜೆ ಥರದ ಸೌಂಡ್ ಮಾತ್ರ ಮುಂಚಿನ ಥರಾನೇ ಇವೆ. ವಿಚಿತ್ರ ಅಂದ್ರೆ ಒಂದೇ ಕಡೆ ಕಿವಿಗೆ ಒತ್ಕೊಂಡು ಕೇಳಿದ್ರೆ ಎಡಗಡೇದೂ ಚೆನ್ನಾಗಿದೆ, ಬಲಗಡೇದೂ ಚೆನ್ನಾಗಿದೆ, ಎರಡೂ ಹಾಕೊಂಡಾಗ್ಲೇ ತಾಪತ್ರಯ.

ನಮ್ ಬೋಗಿಲಿ ಜೊತೆಗೆ ಬರೋ ಒಬ್ರು ಹೇಳಿದ್ರು ಫೇಸ್ ಅಂದ್ರೆ ಅಲೆಯ ಏರಿಳಿತ ಒಂದ್ ಕಡೆ ಉಲ್ಟಾ ಆಗಿದೆ, ಪ್ಲಸ್ ಮೈನಸ್ ವೈರ್ ಅದಲು ಬದಲು ಮಾಡಿದಾರೆ ಅಂತ. ಇನ್ನೊಬ್ಬ ಫ್ರೆಂಡು ಅದು ಸ್ಪೀಕರ್‌ಗೆ ಮಾತ್ರ, ಹೆಡ್‌ಫೋನಲ್ಲಿ ಎಡ ಬಲ ಸೇರೋದೇ ಇಲ್ವಲ್ಲ ಏನೂ ಆಗಲ್ಲ ಅಂತಾನೆ. ಅಂಗ್ಡಿಯೋರು ಕೇಳಿದ್ರೆ ಎರಡೂ ಕಡೆ ಬರ್ತಿದೆಯಲ್ಲ ಇನ್ನೇನ್ ಬೇಕು ಅಂದ್ರು. ನಾಯ್ಸ್ ಕ್ಯಾನ್ಸಲ್ ಮಾಡೋ ಹೆಡ್‌ಫೋನಲ್ಲೂ ಉಲ್ಟಾ ಅಲೇನೇ ಬಿಡ್ತಾರಂತೆ, ಹಂಗಿದ್ರೆ ನನ್ದರಲ್ಲಿ ಹಾಡೇ ಅರ್ಧ ಕ್ಯಾನ್ಸಲ್ ಆಗ್ತಿದೆಯಾ? ಕಿವಿಗೆ ಏನಾದ್ರೂ ತೊಂದ್ರೆನಾ? ಮನೇಲೇ ಕೂತು ಚೆಕ್ ಮಾಡೋ ದಾರಿ ಇದ್ರೆ ಹೇಳಿ.

ಮಧುಗಿರಿ_ಬಂಡೆ:

ಎರಡು ಕಿವಿ ಮಧ್ಯ ತಲೆ ಇದೆ ಗುರು. ಗಾಳಿ ಬೆರೆಯಲ್ಲ, ಬೆರೆಯದೇ ಇರೋದು ಕ್ಯಾನ್ಸಲ್ ಹೆಂಗಾಗುತ್ತೆ. ನಿನ್ ಫ್ರೆಂಡ್ ಹೇಳಿದ್ದೇ ಸರಿ. ಹೊಸ ಪಿನ್ ಹಾಕಿಸ್ದೆ, ಯಾರೋ ಫೇಸ್ ಅಂದ್ರು, ಅವತ್ತಿಂದ ನಿಂಗೆ ಹಂಗೇ ಕೇಳ್ಸೋಕೆ ಶುರುವಾಯ್ತು. ಒಂದು ವಾರ ಸುಮ್ನೆ ಕೇಳು, ಅಭ್ಯಾಸ ಆಗುತ್ತೆ.

ಶಿರಾ ಮೈಕ್‌ಸೆಟ್:

ಅಭ್ಯಾಸ ಆಗಲ್ಲ ಕಣಪ್ಪ ಬಂಡೆ. ತಮ್ಮಾ ಕ್ಯಾತ್ಸಂದ್ರ, ನಮ್ಮಪ್ಪನ ಕಾಲದಿಂದ ಮೈಕ್‌ಸೆಟ್ ಇಟ್ಕಂಡಿರೋರು ನಾವು, ನೀನ್ ಬರ್ದಿರೋದು ಓದ್ತಿದ್ದಂಗೇ ಗೊತ್ತಾಯ್ತು, ಒಂದ್ ಕಡೆ ಉಲ್ಟಾ ಹಾಕವ್ರೆ. ಒಂಟಿ ಕಿವೀಲಿ ಸರಿ, ಎರಡೂ ಹಾಕಿದ್ರೆ ಕೆಟ್ಟೋಗುತ್ತೆ ಅಂದ್ಯಲ್ಲ, ಅದೇ ಗುರುತು. ಒಂದು ಡ್ರೈವರ್, ಅಂದ್ರೆ ಕಪ್ ಒಳಗಿರೋ ಸಣ್ಣ ಸ್ಪೀಕರ್ರು, ಮೊದ್ಲು ಮುಂದಕ್ಕೆ ತಳ್ಳಿದ್ರೂ ಮೊದ್ಲು ಹಿಂದಕ್ಕೆ ಎಳೆದ್ರೂ ಒಂಟಿ ಕಿವಿಗೆ ಹೆಚ್ಚೂ ಕಮ್ಮಿ ಒಂದೇ. ಎರಡು ಡ್ರೈವರು ಒಂದ್ ಹಾಡಿಗೆ ಒಂದು ತಳ್ಳಿ ಒಂದು ಎಳೆದ್ರೆ ಆಗ್ಲೇ ಎಡವಟ್ಟು.

ಸ್ಟೇಜಲ್ಲಿ ಇದು ಹೆಂಗಿರ್ತದೆ ಹೇಳ್ತೀನಿ ಕೇಳು, ಎರಡಕ್ಕೂ ವ್ಯತ್ಯಾಸ ಐತೆ. ಆರ್ಕೆಸ್ಟ್ರಾಗೆ ಆ ಕಡೆ ಈ ಕಡೆ ಬಾಕ್ಸ್ ನಿಲ್ಸಿರ್ತೀವಿ, ಒಂದ್ ಬಾಕ್ಸಿನ ವೈರು ಪ್ಲಸ್ ಮೈನಸ್ ಅದಲು ಬದಲಾದ್ರೆ ನಡುಮಧ್ಯ ಕುಂತಿರೋ ಜನಕ್ಕೆ ಬೇಸೇ ಇಲ್ಲ. 50 ಹರ್ಟ್ಜ್ ಅಲೆ ಅಂದ್ರೆ ಹತ್ರತ್ರ 7 ಮೀಟರ್ ಉದ್ದ, ಎರಡು ಬಾಕ್ಸಿಂದ್ಲೂ ಒಂದೇ ದೂರದಾಗೆ ಕುಂತಿದ್ರೆ ಇದು ತಳ್ಳೋ ಹೊತ್ಗೆ ಅದು ಎಳೀತೈತೆ, ಗಾಳೀಲೇ ಒಂದಕ್ಕೊಂದು ಹೊಡ್ಕಂಡು ಖಾಲಿ. ಪಕ್ಕಕ್ಕೆ ನಾಲ್ಕು ಹೆಜ್ಜೆ ಸರಿದ್ರೆ ಅಲ್ಲಿ ಒಂಚೂರು ಬರ್ತದೆ. ಇದು ನಿಜವಾದ ಕ್ಯಾನ್ಸಲ್ಲು, ಮೀಟರ್ ಇಟ್ರೂ ತೋರಿಸ್ತದೆ. ಬಂಡೆ ಹೇಳಿದ್ದು ಇಲ್ಲಿ ತನಕ ಸರಿ, ಹೆಡ್‌ಫೋನಾಗೆ ಈ ಥರ ಆಗಲ್ಲ, ಎಡಗಡೆ ಮೀಟರ್ ಇಟ್ರೂ ಬಲಗಡೆ ಮೀಟರ್ ಇಟ್ರೂ ಬೇಸ್ ಅಷ್ಟಕ್ಕಷ್ಟೇ ಇರ್ತದೆ. ಆದ್ರೂ ಕೇಳೋನಿಗೆ ಬೇಸ್ ಹೋಯ್ತು ಅನ್ಸುತ್ತೆ, ಯಾಕೆ ಅಂತ ಓದಿರೋರು ಹೇಳ್ಲಿ, ನಂಗೆ ಕೆಲ್ಸ ಗೊತ್ತು ಅಷ್ಟೆ.

ಪಿನ್ ಬಿಚ್ಚೋ ಮುಂಚೆ ಇನ್ನೊಂದು ಕಾಯ್ಲೆ ಅಲ್ಲ ಅಂತ ಖಾತ್ರಿ ಮಾಡ್ಕೋ, ಎರಡೂ ಒಂದೇ ಅಂದ್ಕಂಡು ಜನ ಮೋಸ ಹೋಗ್ತಾರೆ. ಪಿನ್ನಿನ ತುದಿ ಎಡಗಡೇದು, ಮಧ್ಯದ ಬಳೆ ಬಲಗಡೇದು, ಬುಡ ಎರಡಕ್ಕೂ ಸೇರಿ ಗ್ರೌಂಡು. ಈ ಗ್ರೌಂಡು ಬಿಟ್ಟೋಯ್ತು ಅಂದ್ರೆ ಎರಡು ಡ್ರೈವರೂ ಸಾಲಾಗಿ ಒಂದಕ್ಕೊಂದು ಸೇರ್ಕಂಡು ಎಡದಲ್ಲಿ ಬಲ ಕಳೆದ್ರೆ ಏನ್ ಉಳೀತದೋ ಅದು ಮಾತ್ರ ಕೇಳ್ತದೆ. ಹಾಡೋರ ಧ್ವನಿ ಎರಡೂ ಕಡೆ ಸಮ ಇರೋದ್ರಿಂದ ಅದು ಪೂರ್ತಿ ಮಾಯ, ಎಕೋ ಮಾತ್ರ ಬಾವಿಯಿಂದ ಬಂದಂಗೆ ಬರ್ತದೆ. ಹಳೇ ವಿಸಿಡಿ ಪ್ಲೇಯರ್‌ಗಳಲ್ಲಿ ಕರೋಕೆಗೆ ವಾಯ್ಸ್ ಕಟ್ ಅಂತ ಗುಂಡಿ ಇರೋದಲ್ಲ, ಅದೂ ಇದೇ ಕಳೆಯೋ ಲೆಕ್ಕಾನೇ. ಮೈಕ್ ಇರೋ ಇಯರ್‌ಫೋನಲ್ಲಿ, ಅಂದ್ರೆ ಪಿನ್ ಮೇಲೆ ಮೂರು ಕಪ್ಪು ಗೆರೆ ಇರೋದ್ರಲ್ಲಿ, ಇನ್ನೊಂದು ತರ್ಲೆ ಐತೆ, ಗ್ರೌಂಡು ಮೈಕು ಜಾಗ ಅದಲು ಬದಲಾಗಿರೋ ಎರಡು ಪದ್ಧತಿ ಅವೆ, ಹೊಂದ್ಕೆ ಆಗ್ದಿದ್ರೆ ಇದೇ ಥರ ಧ್ವನಿ ಮಾಯ ಆಗ್ತದೆ, ಕಾಲ್ ಎತ್ತೋ ಗುಂಡಿ ಒತ್ತಿ ಹಿಡಿದ್ರೆ ಮಾತ್ರ ಸರಿಹೋಗ್ತದೆ.

ಈಗ ಚೆಕ್ ಮಾಡೋದು. ಫೋನ್ ಸೆಟ್ಟಿಂಗ್ಸಲ್ಲಿ ಆಕ್ಸೆಸಿಬಿಲಿಟಿ ಒಳಗೆ ಮೋನೋ ಆಡಿಯೋ ಅಂತ ಇರ್ತದೆ, ಆನ್ ಮಾಡು. ಹಾಡು ಹೆಚ್ಚೂ ಕಮ್ಮಿ ಸತ್ತೇ ಹೋದ್ರೆ ಗ್ರೌಂಡ್ ಬಿಟ್ಟೈತೆ ಅಂತ. ಹಾಡು ಪೂರ್ತಿ ಬಂದು ತಲೆ ನಡುಮಧ್ಯ ಒಂದು ಚುಕ್ಕೇಲಿ ನಿಂತ್ರೆ ನಿನ್ ಹೆಡ್‌ಫೋನು ಸರಿ ಐತೆ, ಬಂಡೆ ಹೇಳ್ದಂಗೆ ಮನಸ್ಸಿನ ಆಟ. ಹಾಡು ಪೂರ್ತಿ ಬರ್ತೈತೆ ಆದ್ರೆ ಮಧ್ಯ ನಿಲ್ತಾ ಇಲ್ಲ, ತಲೆ ಸುತ್ತಾ ಹರಡೈತೆ ಅಂದ್ರೆ ಒಂದ್ ಕಡೆ ಉಲ್ಟಾ. 60ರ ದಶಕದ ಪಿ.ಬಿ. ಶ್ರೀನಿವಾಸ್ ಹಾಡು ಹಾಕಿದ್ರೆ ಸೆಟ್ಟಿಂಗೂ ಬೇಕಾಗಿಲ್ಲ, ಅವು ಹುಟ್ತಾನೇ ಮೋನೋ.

ತೆಂಗಿನ_ಗರಿ:

ತಿಪಟೂರಿಂದ. ಮೈಕ್‌ಸೆಟ್ ಅಣ್ಣ ಬಿಟ್ಟ ಜಾಗದಿಂದ ಎತ್ಕೊತೀನಿ, ಗಾಳೀಲಿ ಬೆರೆಯದೇ ಇದ್ರೂ ಯಾಕೆ ಕೇಳ್ಸುತ್ತೆ ಅನ್ನೋದು.

ಗಾಳೀಲಿ ಬೆರೆಯಲ್ಲ ನಿಜ, ಆದ್ರೆ ಎರಡೂ ಕಿವಿ ಸುದ್ದಿ ಮೆದುಳಲ್ಲಿ ಒಂದೇ ಜಾಗಕ್ಕೆ ಬಂದು ಸೇರುತ್ತೆ, ಅಲ್ಲಿ ಹೋಲ್ಸಿ ನೋಡೋ ಕೆಲ್ಸ ನಡೀತಾನೇ ಇರುತ್ತೆ. ಸೌಂಡ್ ಎಡಗಡೆಯಿಂದ ಬಂದ್ರೆ ಎಡಗಿವಿಗೆ ಒಂಚೂರು ಮೊದ್ಲು ಮುಟ್ಟುತ್ತೆ, ಬಲಗಿವಿಗೆ ಆಮೇಲೆ. ಪೂರ್ತಿ ಪಕ್ಕದಿಂದ ಬಂದ್ರೂ ಈ ವ್ಯತ್ಯಾಸ ಜಾಸ್ತಿ ಅಂದ್ರೆ 0.7 ಮಿಲಿಸೆಕೆಂಡ್, ಯಾಕಂದ್ರೆ ನಮ್ ತಲೆ ಅಷ್ಟೇ ದಪ್ಪ. ಕೆಳಗಿನ ಸ್ವರಗಳಿಗೆ ಮೆದುಳು ಈ ಟೈಮ್ ನೋಡೇ ದಿಕ್ಕು ಹೇಳೋದು, ಮೇಲಿನ ಸ್ವರಗಳಿಗೆ ಯಾವ ಕಿವೀಲಿ ಜೋರು ಅನ್ನೋದು ನೋಡುತ್ತೆ. 1907ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲಿ ಬರ್ದಿಟ್ಟಿದ್ದು ಇದು. ಗಡಿ ಸುಮಾರು 1500 ಹರ್ಟ್ಜ್ ಹತ್ರ ಇದೆ, ಅದರ ಮೇಲಕ್ಕೆ ಅಲೆಯ ಒಂದೊಂದು ಏರಿಳಿತಾನೂ ಎರಡು ಕಿವಿ ಮಧ್ಯ ಹೋಲ್ಸೋಕೆ ಮೆದುಳಿಗೆ ಆಗಲ್ಲ.

ಈಗ ಒಂದ್ ಕಡೆ ಉಲ್ಟಾ ಮಾಡಿ. 100 ಹರ್ಟ್ಜ್ ಅಂದ್ರೆ ಒಂದು ಸುತ್ತಿಗೆ 10 ಮಿಲಿಸೆಕೆಂಡು, ಉಲ್ಟಾ ಆದ್ರೆ ಅರ್ಧ ಸುತ್ತು, ಅಂದ್ರೆ 5 ಮಿಲಿಸೆಕೆಂಡ್ ಹಿಂದೆ ಇದ್ದ ಹಾಗೆ. ಎಡಗಡೇದು ಮುಂದೋ ಬಲಗಡೇದು ಮುಂದೋ ಅದೂ ಹೇಳೋಕಾಗಲ್ಲ, ಎರಡೂ ಕಡೆಯಿಂದ್ಲೂ ಅಷ್ಟೇ ದೂರ. ತಲೆ ಸೈಜಿಗೆ 0.7 ದಾಟೋ ಹಾಗಿಲ್ಲ, ಇಲ್ಲಿ 5 ಅಂತ ಬರ್ತಿದೆ. ಪ್ರಪಂಚದಲ್ಲಿ ಯಾವ ಜಾಗದಿಂದ ಸೌಂಡ್ ಮಾಡಿದ್ರೂ ಹಿಂಗೆ ಬರೋಕೆ ಸಾಧ್ಯ ಇಲ್ಲ, ಅದಕ್ಕೆ ಮೆದುಳು ಜಾಗಾನೇ ಕೊಡಲ್ಲ, ಹರಡಿಬಿಡುತ್ತೆ. ಗಂಡಸಿನ ಧ್ವನಿಯ ಬುಡ ಇರೋದೇ 100ರಿಂದ 150ರ ಹತ್ರ, ಬೇಸ್ ಗಿಟಾರು ತಬಲದ ಡಗ್ಗ ಎಲ್ಲಾ ಅದೇ ಕೆಳಗಿನ ಏರಿಯಾ, ಅವೆಲ್ಲಾ ಚೆಲ್ಲಾಪಿಲ್ಲಿ. ನೀವು ಹೈಹ್ಯಾಟು ಗೆಜ್ಜೆ ಮುಂಚಿನ ಥರಾನೇ ಇದೆ ಅಂದ್ರಲ್ಲ, ಅವು 1500ಕ್ಕಿಂತ ಎಷ್ಟೋ ಮೇಲೆ, ಅಲ್ಲಿ ಉಲ್ಟಾ ಸೀದಾ ಮೆದುಳಿಗೆ ಲೆಕ್ಕಕ್ಕಿಲ್ಲ. ನಿಜ ಹೇಳ್ಬೇಕಂದ್ರೆ ಆ ಒಂದು ಸಾಲು ನೋಡಿ ನಂಗೆ ಖಾತ್ರಿ ಆಯ್ತು, ಮನಸ್ಸಿನ ಭ್ರಮೆ ಆಗಿದ್ರೆ ಇಷ್ಟು ಕರೆಕ್ಟಾಗಿ ಕೆಳಗಿನ ಸ್ವರ ಮಾತ್ರ ಆರ್ಸ್ಕೊಂಡು ಕೆಡ್ಸಲ್ಲ.

ಬಂಡೆ ಅವ್ರು ನಂಬಲ್ಲ ಅಂದ್ರೆ ಒಂದು ಆಟ ಹೇಳ್ತೀನಿ, ಮನೇಲೇ ಮಾಡ್ಬಹುದು. ಆಡಾಸಿಟಿ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಅದ್ರಲ್ಲಿ ಎರಡೂ ಕಿವಿಗೂ ಒಂದೇ ಸರ್ರ್ ಅನ್ನೋ ನಾಯ್ಸ್ ಹಾಕಿ, ಅದರೊಳಗೆ 500 ಹರ್ಟ್ಜ್ ಟೋನ್ ಸೇರ್ಸಿ, ಟೋನ್ ಕೇಳ್ಸದೇ ಮುಳುಗೋ ತನಕ ಕಮ್ಮಿ ಮಾಡಿ. ಈಗ ನಾಯ್ಸ್ ಮುಟ್ಬೇಡಿ, ಟೋನ್ ಮಾತ್ರ ಒಂದು ಕಿವೀಲಿ ಇನ್ವರ್ಟ್ ಮಾಡಿ. ಮುಳುಗಿದ್ದ ಟೋನು ಎದ್ದು ಬರುತ್ತೆ. ಕೆಳಗಿನ ಸ್ವರಗಳಲ್ಲಿ ಸುಮಾರು 15 ಡೆಸಿಬಲ್ ತನಕ ಲಾಭ ಸಿಗುತ್ತೆ. 1948ರಲ್ಲಿ ಅಮೆರಿಕದಲ್ಲಿ ಹರ್ಷ್ ಅನ್ನೋರು ಟೋನ್ ಇಟ್ಟು, ಲಿಕ್ಲೈಡರ್ ಅನ್ನೋರು ಮಾತು ಇಟ್ಟು ಇದನ್ನ ತೋರ್ಸಿದ್ರು, ಆಗಿನ ಹೆಡ್‌ಫೋನಲ್ಲೇ. ಒಂದ್ ಕಡೆ ಉಲ್ಟಾ ಆಗಿದ್ದು ಕಿವಿಗೆ ಗೊತ್ತೇ ಆಗಲ್ಲ ಅಂದ್ರೆ ಇದು ನಡೀಬಾರ್ದಿತ್ತು.

ನಾಯ್ಸ್ ಕ್ಯಾನ್ಸಲ್ ವಿಷ್ಯ ಬೇರೆ. ಅಲ್ಲಿ ಹೊರಗಿನ ಗಲಾಟೆನ ಸಣ್ಣ ಮೈಕಲ್ಲಿ ಹಿಡಿದು, ಅದರ ಉಲ್ಟಾನ ಅದೇ ಕಿವಿಗೆ ಬಿಡ್ತಾರೆ, ಎರಡೂ ಒಂದೇ ಕಿವಿಯ ಗಾಳೀಲಿ ಸೇರಿ ಕಮ್ಮಿ ಆಗುತ್ತೆ. ಪಾಲ್ ಲ್ಯೂಗ್ ಅನ್ನೋ ಜರ್ಮನಿಯವ್ರಿಗೆ 1936ರಲ್ಲೇ ಇದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ನಿಮ್ದರಲ್ಲಿ ಎಡಗಿವೀದು ಎಡಗಿವೀಲಿ, ಬಲಗಿವೀದು ಬಲಗಿವೀಲಿ, ಯಾವ್ದೂ ಯಾವ್ದನ್ನೂ ಅಳಿಸ್ತಿಲ್ಲ. ಕಿವಿಗೆ ಬೀಳೋ ಜೋರು ಅಷ್ಟೇ ಇರೋದ್ರಿಂದ ಉಲ್ಟಾ ಆಗಿದ್ದಕ್ಕೇ ಕಿವಿ ಹಾಳಾಗಲ್ಲ, ಆದ್ರೆ ಬೇಸ್ ಇಲ್ಲ ಅಂತ ವಾಲ್ಯೂಮ್ ಏರಿಸ್ತಾ ಹೋಗ್ಬೇಡಿ, ಅದು ತೊಂದ್ರೆ.

ಹೈಫೈ_ಹುಚ್ಚ:

ಎಲ್ರೂ ಒಂದು ಕಡೆ ಉಲ್ಟಾ ಬಗ್ಗೇನೇ ಹೇಳ್ತಿದೀರಾ, ಅದು ಕುರುಡನಿಗೂ ಗೊತ್ತಾಗುತ್ತೆ ಬಿಡಿ. ನಿಜವಾದ ಮಜಾ ಇರೋದು ಎರಡೂ ಕಡೆ ಒಟ್ಟಿಗೆ ಉಲ್ಟಾ ಆದಾಗ. ನನ್ನ ಆಂಪ್ಲಿಫೈಯರಲ್ಲಿ ಪೋಲಾರಿಟಿ ಸ್ವಿಚ್ ಇದೆ, ಎರಡೂ ಕಡೆ ಪ್ಲಸ್ ಮೈನಸ್ ಒಟ್ಟಿಗೆ ಉಲ್ಟಾ ಮಾಡೋದು, ಒಂದೊಂದು ಆಲ್ಬಮ್‌ಗೆ ಒಂದೊಂದು ಕಡೆ ಇಟ್ಟು ಕೇಳ್ತೀನಿ, ಸರಿಯಾದ ಕಡೆ ಇಟ್ರೆ ಡ್ರಮ್ಮು ಎದೆಗೆ ಬಡಿಯುತ್ತೆ, ತಪ್ಪು ಕಡೆ ಇಟ್ರೆ ಒಳಗೆ ಹೀರ್ಕೊಂಡಂಗೆ ಇರುತ್ತೆ. ಡ್ರಮ್ ಹೊಡೆದ್ರೆ ಗಾಳಿ ನಮ್ ಕಡೆ ತಳ್ಳಬೇಕು ತಾನೆ, ಹೆಡ್‌ಫೋನು ಅದನ್ನ ಎಳೆದ್ರೆ ಅದು ಡ್ರಮ್ಮೇ ಅಲ್ಲ. ಕಿವಿಯ ನರ ಕೂಡ ಒತ್ತಡ ಇಳಿಯೋ ಅರ್ಧಕ್ಕೆ ಜಾಸ್ತಿ ಮಿಡಿಯುತ್ತೆ, ಏರೋ ಅರ್ಧಕ್ಕೆ ಕಮ್ಮಿ, ಎರಡೂ ಅರ್ಧ ಒಂದೇ ಅಲ್ಲ. ಹಂಗಿದ್ಮೇಲೆ ಉಲ್ಟಾ ಮಾಡಿದ್ರೆ ಕೇಳ್ಸಲ್ಲ ಅನ್ನೋಕೆ ಹೆಂಗಾಗುತ್ತೆ? 1982ರಲ್ಲಿ ಕೆನಡಾದ ವಾಟರ್ಲೂ ಯೂನಿವರ್ಸಿಟಿಯ ಲಿಪ್‌ಶಿಟ್ಜ್, ವ್ಯಾಂಡರ್‌ಕೂಯ್ ಅವ್ರೆಲ್ಲಾ ಸೇರಿ ಟೆಸ್ಟ್ ಮಾಡಿ ಕೇಳ್ಸುತ್ತೆ ಅಂತಾನೇ ಬರ್ದಿದಾರೆ. ಕಿವಿ ಬೆಳೆಸ್ಕೊಂಡವ್ರಿಗೆ ಕೇಳ್ಸುತ್ತೆ.

ತೆಂಗಿನ_ಗರಿ:

ಹುಚ್ಚ ಅವ್ರೇ, ನರದ ಮಾತು ಸರಿ. 82ರ ಪೇಪರ್ ಮಾತೂ ಸರಿ, ಆದ್ರೆ ಅರ್ಧ ಹೇಳಿದ್ರಿ. ಅವ್ರು ಕೇಳ್ಸುತ್ತೆ ಅಂದಿದ್ದು ಬೇಕಂತ ಮಾಡಿದ ಸರಳ ಟೆಸ್ಟ್ ಸಿಗ್ನಲ್‌ಗಳಲ್ಲಿ, ಅದ್ರಲ್ಲೂ ಹೆಡ್‌ಫೋನಲ್ಲಿ ಕೇಳಿದಾಗ ಸುಲಭ. ಅಲೆಯ ಮೇಲಿನ ಅರ್ಧ ಒಂದು ಆಕಾರ ಕೆಳಗಿನ ಅರ್ಧ ಇನ್ನೊಂದು ಆಕಾರ ಇದ್ರೆ ಮಾತ್ರ ಉಲ್ಟಾ ಮಾಡೋದಕ್ಕೆ ಅರ್ಥ, ಸಾದಾ ಸೈನ್ ಟೋನ್ ಉಲ್ಟಾ ಮಾಡಿದ್ರೆ ಯಾವ ಕಿವಿಗೂ ಗೊತ್ತಾಗಲ್ಲ. ಟ್ರಂಪೆಟ್, ಗಂಡಸಿನ ಧ್ವನಿ ಇಂಥವು ಓರೆಯಾಗಿರ್ತವೆ, ಆಡಾಸಿಟೀಲಿ ಹಾಕಿದ್ರೆ ಕಣ್ಣಿಗೇ ಕಾಣುತ್ತೆ. ಒಂಟಿ ವಾದ್ಯ ಇಟ್ಟು ಗಮನ ಕೊಟ್ಟು ಕೇಳಿದ್ರೆ ಸಣ್ಣ ವ್ಯತ್ಯಾಸ ಕೆಲವ್ರಿಗೆ ಸಿಗಬಹುದು. ಹತ್ತು ವಾದ್ಯ, ರಿವರ್ಬು ಅಂದ್ರೆ ಮಾರ್ದನಿ, ಎಲ್ಲಾ ಸೇರಿದ ಹಾಡಲ್ಲಿ ಅದು ಕರಗಿಹೋಗುತ್ತೆ.

ಇನ್ನೊಂದು, ಕೇಳ್ಸಿದ ವ್ಯತ್ಯಾಸ ಕಿವಿದೋ ಡ್ರೈವರ್‌ದೋ ಅನ್ನೋದೂ ಇದೆ. ಡ್ರೈವರು ಮುಂದಕ್ಕೆ ಹೋಗೋದು ಹಿಂದಕ್ಕೆ ಬರೋದು ಎರಡೂ ನೂರಕ್ಕೆ ನೂರು ಸಮ ಇರಲ್ಲ, ಜೋರಾಗಿಟ್ರೆ ಇನ್ನೂ ಓರೆ. ಓರೆ ಅಲೆನ ಓರೆ ಡ್ರೈವರ್‌ಗೆ ಉಲ್ಟಾ ಕೊಟ್ರೆ ವಿಕೃತಿ ಬೇರೆ ಥರ ಹುಟ್ಟುತ್ತೆ, ನೀವು ಕೇಳ್ತಿರೋದು ಅದನ್ನೂ ಇರಬಹುದು.

ಡ್ರಮ್ ಗಾಳಿ ತಳ್ಳಬೇಕು ಅಂದ್ರಲ್ಲ, ಅಲ್ಲೇ ನಂಗೆ ತಕರಾರು. ನಮ್ ಕಡೆ ತಮಟೆನೇ ತಗೊಳ್ಳಿ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವ್ರಿಗೆ 2023ರಲ್ಲಿ ಪದ್ಮಶ್ರೀ ಬಂತಲ್ಲ, ಆ ತಮಟೆ. ಕೋಲು ಬಿದ್ದ ತಕ್ಷಣ ಚರ್ಮ ಹೊಡೆದ ಕಡೆಯಿಂದ ಆ ಕಡೆಗೆ ಬಗ್ಗುತ್ತೆ, ಹೊಡೆದ ಕಡೆ ನಿಂತವ್ರಿಗೆ ಮೊದ್ಲು ಎಳೆತ, ಹಿಂದ್ಗಡೆ ಇರೋರಿಗೆ ಮೊದ್ಲು ತಳ್ಳು. ಬಾರಿಸೋರು ಕುಣಿತಾ ತಿರುಗ್ತಾನೇ ಇರ್ತಾರೆ, ಒಂದೇ ಪೆಟ್ಟು ನಿಮ್ಗೆ ಒಂದ್ಸಲ ಸೀದಾ ಒಂದ್ಸಲ ಉಲ್ಟಾ ಬರುತ್ತೆ. ಯಾರಾದ್ರೂ ತಮಟೆ ಉಲ್ಟಾ ಕೇಳ್ತಿದೆ ತಿರುಗಪ್ಪಾ ಅಂದಿದ್ದು ಕೇಳಿದೀರಾ? ಸ್ಟುಡಿಯೋದಲ್ಲೂ ಅಷ್ಟೆ, ಸ್ನೇರ್ ಡ್ರಮ್‌ಗೆ ಮೇಲೊಂದು ಕೆಳಗೊಂದು ಮೈಕ್ ಇಟ್ಟು ಕೆಳಗಿಂದನ್ನ ಬೇಕಂತ ಉಲ್ಟಾ ಮಾಡಿ ಸೇರಿಸ್ತಾರೆ, ಇಲ್ಲಾಂದ್ರೆ ಎರಡೂ ಹೊಡೆದಾಡಿ ಸೌಂಡು ತೆಳ್ಳಗಾಗುತ್ತೆ. ಒಂದು ಹಾಡಲ್ಲಿ ಎಷ್ಟೋ ಮೈಕ್, ಯಾವ್ದು ಸೀದಾ ಯಾವ್ದು ಉಲ್ಟಾ ಅಂತ ಮಿಕ್ಸ್ ಮಾಡಿದವ್ರಿಗೇ ಗೊತ್ತು. ಆಲ್ಬಮ್‌ಗೊಂದು ಸ್ವಿಚ್ ತಿರುಗ್ಸಿ ಅದನ್ನ ಸರಿ ಮಾಡ್ತೀನಿ ಅನ್ನೋದು ನಂಗಂತೂ ಒಪ್ಪಿಗೆ ಆಗಲ್ಲ.

ಹೈಫೈ_ಹುಚ್ಚ:

ಒಪ್ಪಬೇಡಿ, ನಾನು ಸ್ವಿಚ್ ತಿರುಗಿಸ್ತಾನೇ ಇರ್ತೀನಿ 😄 ಆದ್ರೆ ನೋಡದೆ ಬೇರೆಯೋರ ಕೈಲಿ ಸ್ವಿಚ್ ಹಾಕ್ಸಿ ಕೇಳಿ ಅಂತ ಮುಂದೆ ನೀವು ಹೇಳ್ಬಹುದು, ಅದಕ್ಕೆ ನಮ್ಮನೇಲಿ ಯಾರೂ ಸಿಗಲ್ಲ, ಎಲ್ರಿಗೂ ಸೀರಿಯಲ್ ಟೈಮು.

ಮಧುಗಿರಿ_ಬಂಡೆ:

ಸರಿ ಕಣ್ರಪ್ಪ, ಮೆದುಳು ಅಂತ ಬಂದ್ಮೇಲೆ ನಾನ್ಯಾಕೆ ಮಾತಾಡ್ಲಿ. ಆ ಟೋನ್ ಆಟ ಮಾಡಿ ನೋಡ್ದೆ, ಎದ್ದು ಬರುತ್ತೆ, ಮೈ ಜುಮ್ ಅಂತು. ನಂದೊಂದು ಡೌಟು ಹಂಗಿದ್ರೆ. ನಂದು ಇನ್-ಇಯರು, ವೈರ್ ಬಿಚ್ಚಿ ಹಾಕೋ ಥರದ್ದು, ಪ್ರತಿ ಕಡೆಗೂ ಎರಡೆರಡು ಸಣ್ಣ ಮುಳ್ಳು ಇವೆ. ಬಿಜಿಎಂಐ ಆಡುವಾಗ ಹೆಜ್ಜೆ ಸದ್ದು ಯಾವ ಕಡೆ ಅಂತ ಒಂದೊಂದ್ ದಿನ ಪಕ್ಕಾ ಗೊತ್ತಾಗುತ್ತೆ, ಒಂದೊಂದ್ ದಿನ ಗೊತ್ತೇ ಆಗಲ್ಲ. ವೈರ್ ಬಿಚ್ಚಿ ಹಾಕಿದ್ಮೇಲೆ ಹಿಂಗಾಗುತ್ತಾ ಅಂತ ಈಗ ಅನುಮಾನ ಬರ್ತಿದೆ.

ತೆಂಗಿನ_ಗರಿ:

ಆಗುತ್ತೆ. ಎರಡು ಮುಳ್ಳಿನ ಕನೆಕ್ಟರ್ ಚಪ್ಪಟೆ ಇದ್ದು ಗುರುತಿನ ಕಚ್ಚು ಇಲ್ಲಾಂದ್ರೆ ತಿರುಗಾ ಮುರುಗಾ ಹಾಕಿದ್ರೂ ಕೂತ್ಕೊಳ್ಳುತ್ತೆ, ಒಂದ್ ಕಡೆ ಸೀದಾ ಒಂದ್ ಕಡೆ ಉಲ್ಟಾ ಆದ್ರೆ ಕಥೆ ಅದೇ. ಹೆಜ್ಜೆ ಸದ್ದಲ್ಲಿ ದಪ್ಪ ಭಾಗದ ದಿಕ್ಕು ಕೆಡುತ್ತೆ, ಚರಚರ ಅನ್ನೋ ಭಾಗದ ದಿಕ್ಕು ಉಳಿಯುತ್ತೆ, ಎರಡೂ ಬೇರೆ ಬೇರೆ ಜಾಗ ಹೇಳ್ತವೆ, ಅದಕ್ಕೇ ತಲೆ ಕೆಡೋದು. ವೈರ್ ತುದೀಲಿ ಸಣ್ಣ ಚುಕ್ಕೆನೋ ಎಡ ಬಲ ಅಕ್ಷರಾನೋ ಇರುತ್ತೆ, ಎರಡೂ ಕಡೆ ಒಂದೇ ಮುಖಕ್ಕೆ ಬರೋ ಹಾಗೆ ಹಾಕಿ. ಕಿವಿ ಸುತ್ತ ಬಳಸೋ ವೈರಾದ್ರೆ ಬಾಗಿರೋ ದಿಕ್ಕೇ ಗುರುತು. ಒಂದೇ ಗುಂಡನೆ ಪಿನ್ ಇರೋ ಎಂ.ಎಂ.ಸಿ.ಎಕ್ಸ್. ಥರದ್ದಾದ್ರೆ ಈ ತಾಪತ್ರಯ ಇಲ್ಲ, ಮಧ್ಯದ್ದು ಪ್ಲಸ್ಸು ಸುತ್ತಲಿಂದು ಮೈನಸ್ಸು, ಹೆಂಗೆ ತಿರುಗಿಸಿದ್ರೂ ಅದೇ.

ಒಂದು ಎಚ್ಚರ, ಒಳಗೆ ಎರಡು ಮೂರು ಡ್ರೈವರ್ ಇರೋ ಇನ್-ಇಯರಲ್ಲಿ ಕೆಲವೊಮ್ಮೆ ಕಂಪನಿಯೋರೇ ಒಂದು ಡ್ರೈವರ್‌ನ ಉಲ್ಟಾ ಜೋಡಿಸಿರ್ತಾರೆ, ಒಂದರಿಂದ ಇನ್ನೊಂದಕ್ಕೆ ಸ್ವರ ದಾಟೋ ಜಾಗದಲ್ಲಿ ಹಳ್ಳ ಬೀಳದೇ ಇರ್ಲಿ ಅಂತ. ಎರಡೂ ಕಿವೀಲೂ ಒಂದೇ ಥರ ಇರೋದ್ರಿಂದ ದಿಕ್ಕು ಕೆಡಲ್ಲ. ಬಿಚ್ಚಿ ನೋಡಿ ಅಯ್ಯೋ ಉಲ್ಟಾ ಅಂತ ಸರಿ ಮಾಡೋಕೆ ಹೋಗ್ಬೇಡಿ.

ಕ್ಯಾತ್ಸಂದ್ರ_ಲೋಕಲ್:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಮೋನೋ ಆನ್ ಮಾಡಿ ನೋಡ್ದೆ, ಹಾಡು ಸಾಯ್ಲಿಲ್ಲ, ಪೂರ್ತಿ ಬರುತ್ತೆ, ಆದ್ರೆ ಮಧ್ಯ ನಿಲ್ಲಲ್ಲ, ತಲೆ ಸುತ್ತಾ ಇದೆ. ತಮ್ಮನ ಇಯರ್‌ಫೋನ್ ಅದೇ ಫೋನಿಗೆ ಹಾಕಿದ್ರೆ ನೆಟ್ಟಗೆ ಮಧ್ಯ. ಆಮೇಲೆ ಆಡಾಸಿಟೀಲಿ ಒಂದು ಮೋನೋ ಹಾಡು ತಗೊಂಡು ಮೊದಲರ್ಧ ಹಂಗೇ ಬಿಟ್ಟು, ಉಳಿದರ್ಧದಲ್ಲಿ ಎಡಗಡೆ ಮಾತ್ರ ಇನ್ವರ್ಟ್ ಮಾಡಿ ಫೋನಿಗೆ ಹಾಕೊಂಡೆ, ಸೆಟ್ಟಿಂಗ್ಸಲ್ಲಿ ಮೋನೋ ಆಫ್ ಮಾಡಿ. ನನ್ ಹೆಡ್‌ಫೋನಲ್ಲಿ ಕೆಡ್ಸಿರೋ ಅರ್ಧ ಬಂದ ತಕ್ಷಣ ಧ್ವನಿ ಟಕ್ ಅಂತ ತಲೆ ಮಧ್ಯ ಬಂದು ಕೂತ್ಕೊಳ್ತು, ತಮ್ಮನದ್ರಲ್ಲಿ ಸರಿ ಇರೋ ಅರ್ಧದಲ್ಲಿ ಮಧ್ಯ ಇತ್ತು. ಇನ್ನು ಅನುಮಾನಾನೇ ಇಲ್ಲ.

ಎರಡು ಕಪ್ಪನ್ನೂ ಒಂದು ಬೆರಳು ಸಂದಿ ಬಿಟ್ಟು ಎದುರು ಬದುರು ಹಿಡಿದು 100 ಹರ್ಟ್ಜ್ ಟೋನೂ ಇದೇ ಥರ ಹಾಕಿ ಕೇಳ್ದೆ, ಇನ್ವರ್ಟ್ ಮಾಡಿರೋ ಅರ್ಧದಲ್ಲೇ ಜೋರಾಗಿ ಬರುತ್ತೆ, ಮಾಮೂಲಿ ಅರ್ಧದಲ್ಲಿ ಕುಗ್ಗುತ್ತೆ. ಮೈಕ್‌ಸೆಟ್ ಅಣ್ಣ ಹೇಳಿದ ಬಾಕ್ಸ್ ಕಥೆ ಅಂಗೈಯಲ್ಲೇ ಆಯ್ತು.

ಅದೇ ಅಂಗ್ಡಿಗೆ ತಿರುಗಾ ಹೋಗೋ ಮನಸ್ಸಿಲ್ಲ, ನಾನೇ ಪಿನ್ ಬಿಚ್ತೀನಿ. ಅಣ್ಣಾ, ಒಳಗೆ ಯಾವ ವೈರ್ ಎಲ್ಲಿಗೆ? ಮತ್ತೆ ಎಡ ತಪ್ಪೋ ಬಲ ತಪ್ಪೋ ಹೆಂಗೆ ಗೊತ್ತಾಗೋದು?

ಶಿರಾ ಮೈಕ್‌ಸೆಟ್:

ಯಾವ ಕಡೆ ತಪ್ಪು ಅಂತ ಕಿವಿ ಹೇಳಲ್ಲ ತಮ್ಮಾ, ಎರಡೂ ಒಂದೇ ದಿಕ್ಕಿಗೆ ಬಂದ್ರೆ ಸಾಕು. ಬಿಚ್ಚಿ ಬಣ್ಣ ನೋಡು. ಜಾಸ್ತಿ ವೈರಲ್ಲಿ ಬಲಕ್ಕೆ ಕೆಂಪು, ಎಡಕ್ಕೆ ಹಸಿರು, ಕೆಲವ್ರು ನೀಲಿ ಹಾಕ್ತಾರೆ, ಜೊತೆಗೆ ಒಂದೊಂದು ತಾಮ್ರದ ಬಣ್ಣದ್ದು. ತಾಮ್ರದ್ದು ಎರಡೂ ಸೇರ್ಸಿ ಬುಡಕ್ಕೆ, ಹಸಿರು ತುದೀಗೆ, ಕೆಂಪು ಮಧ್ಯದ ಬಳೆಗೆ. ನಿಂದ್ರಲ್ಲಿ ಒಂದು ಬಣ್ಣದ್ದು ಬುಡಕ್ಕೆ ಹೋಗಿ ಅದರ ಜೊತೆ ತಾಮ್ರದ್ದು ಮೇಲಕ್ಕೆ ಹೋಗಿರ್ತದೆ, ಕಣ್ಣಿಗೇ ಕಾಣ್ತದೆ. ಮೀಟರಲ್ಲಿ ಓಮ್ಸ್ ನೋಡಿದ್ರೆ ಇದು ಸಿಗಲ್ಲ, ಸೀದಾ ಉಲ್ಟಾ ಎರಡಕ್ಕೂ ಒಂದೇ ರೀಡಿಂಗ್ ಬರ್ತದೆ. ಬಾಕ್ಸ್ ಸ್ಪೀಕರ್‌ಗೆ ಮಾಡ್ದಂಗೆ ಸೆಲ್ ಇಟ್ಟು ಕೋನ್ ಮುಂದೆ ಬಂತಾ ಹಿಂದೆ ಹೋಯ್ತಾ ನೋಡೋದು ಇಲ್ಲಿ ಬೇಡ, ಕಾಣೋದೂ ಇಲ್ಲ, ಸಣ್ಣ ಡ್ರೈವರ್ ಸುಟ್ರೆ ಹೊಸದೇ ತಗೋಬೇಕು.

ಆ ಬಣ್ಣ ಅಂದ್ರೆ ವಾರ್ನಿಷ್ಷು, ಅದು ಇದ್ರೆ ಸೋಲ್ಡರ್ ಹಿಡಿಯಲ್ಲ. 25 ವ್ಯಾಟ್ ಐರನ್ ಸಾಕು, ತುದೀಲಿ ಒಂದು ಹನಿ ಸೋಲ್ಡರ್ ಇಟ್ಕಂಡು ಅದರೊಳಗೆ ವೈರ್ ಅದ್ದಿ ಹಿಡಿ, ವಾರ್ನಿಷ್ ಸುಟ್ಟು ವೈರು ಬೆಳ್ಳಗಾಗ್ತದೆ, ಆಮೇಲೆ ಪಿನ್ನಿಗೆ ಹಾಕು. ಒಳಗೆ ನೂಲು ಇರ್ತದೆ, ಅದನ್ನ ಕತ್ತರ್ಸು, ಇಲ್ಲಾಂದ್ರೆ ಸುಟ್ಟು ಕರಿ ಆಗಿ ಅಡ್ಡ ಬರ್ತದೆ. ಮೊದ್ಲು ಪಿನ್ನಿನ ಕ್ಯಾಪು ವೈರಿಗೆ ತೂರ್ಸಿಟ್ಕೋ, ಇಲ್ಲಾಂದ್ರೆ ಸೋಲ್ಡರ್ ಎಲ್ಲಾ ಆದ್ಮೇಲೆ ಅದು ಟೇಬಲ್ ಮೇಲೆ ನಗ್ತಾ ಕುಂತಿರ್ತದೆ.